ಮೂರೇ ಕಾಲಿನ ಮೊಲವನ್ನು ಕಂಡೆವು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವು ಎಷ್ಟೋ ಸಲ ಎಷ್ಟೋ ಮಂದಿಗೆ ಹೇಳಿದವರು. ಆದರೆ ನಿಜವಾಗಿಯೂ ಮೂರೇ ಕಾಲಿನ ಮೊಲವೊಂದರ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅದಕ್ಕೆ ಕೊತ್ತಂಬರಿ ಸೊಪ್ಪು ತಿನ್ನಿಸುವ ದಿನವೊಂದು ಬಂದೀತೆಂದು ಎಣಿಸಿರಲಿಲ್ಲ. ಆ ಗಾದೆ ಊರವರಿಗೆ ಮಾತ್ರವಲ್ಲ, ನಮಗೂ ಸಲ್ಲುವುದೆಂದು ತಿಳಿದುದೂ ಅಲ್ಲಿಯೇ.

2024ರ ಫೆಬ್ರವರಿಯಲ್ಲಿ ನಾವು ಗಂಡಹೆಂಡಿರು ಅಡಿಕೆ ಸುಲಿಸುವ ಕೆಲಸವನ್ನು ನೆರೆಯವರಿಗೊಪ್ಪಿಸಿ ಮಗಳ ಮನೆಗೆಂದು ಅಮೇರಿಕಕ್ಕೆ ಹೋಗಿದ್ದೆವು. ಮಗಳು ಅಳಿಯ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಬದಿಯ ಒಂದು ಪೇಟೆಯಲ್ಲಿ. ಇಬ್ಬರೂ ಬೆಳಗ್ಗೆ ಹೋದರೆ ಸಂಜೆಗೆ ಬರುವವರು. ಒಂಬತ್ತು ವರ್ಷದ ಮೊಮ್ಮಗಳು ಮೂರು ಗಂಟೆಗೆ ಶಾಲೆಯಿಂದ ಬರುತ್ತಾಳೆ. ಅವಳಿಗೆ ಆ ಸಲ ಒಂದೇ ಹಟ: ಈಸ್ಟರ್ ಹಬ್ಬಕ್ಕೆ ಒಂದು ಮೊಲ ಬೇಕು.

ಈಸ್ಟರಿಗೂ ಮೊಲಕ್ಕೂ ಎಂತ ಸಂಬಂಧವೆಂದು ಓದುಗರು ಕೇಳಬಹುದು. ಹಬ್ಬದ ದಿನ ಮೊಲವೊಂದು ಬಂದು ಮಕ್ಕಳಿಗೆ ಬಣ್ಣದ ಮೊಟ್ಟೆ ಅಡಗಿಸಿಟ್ಟು ಹೋಗುತ್ತದೆ ಎಂಬುದು ಜರ್ಮನಿಯ ಕಡೆಯ ಹಳೆಯ ನಂಬಿಕೆ. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಜರ್ಮನರು ಅದನ್ನು ಸಂಗಡ ತಂದರು. ಈಗ ಅಲ್ಲಿ ಹಬ್ಬದ ಹೊತ್ತಿಗೆ ಚಾಕೊಲೇಟಿನ ಮೊಲ, ಬಟ್ಟೆಯ ಮೊಲ, ಎಲ್ಲ ಕಡೆಯೂ ಮೊಲ. ಮಕ್ಕಳು ಜೀವದ ಮೊಲವನ್ನೇ ಕೇಳಿದರೆ ಆಶ್ಚರ್ಯವಿಲ್ಲ. 2019ರ ಜನವರಿಯಿಂದ ಕ್ಯಾಲಿಫೋರ್ನಿಯಾದ ಅಂಗಡಿಗಳಲ್ಲಿ ಸಾಕಣೆಗಾರರು ಹುಟ್ಟಿಸಿದ ನಾಯಿ, ಬೆಕ್ಕು, ಮೊಲಗಳನ್ನು ಮಾರುವಂತಿಲ್ಲ, ಆಶ್ರಯಧಾಮಗಳಿಂದ ಬಂದವನ್ನು ಮಾತ್ರ ಕೊಡಬಹುದು ಎಂಬ ಕಾನೂನು ಬಂದಿದೆ. ಆದರೂ ಅಂಗಡಿಯ ಹೊರಗೆ ಮಾರುವವರು ಇಲ್ಲದಿಲ್ಲ.

ಮಗಳು ಇಲ್ಲವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. "ಮೊದಲು ಮೊಲಗಳಿರುವಲ್ಲಿ ನಾಲ್ಕು ತಿಂಗಳು ಕೆಲಸ ಮಾಡು. ಆಮೇಲೆ ಮಾತಾಡುವ," ಎಂದಳು. ಆ ಪೇಟೆಯಲ್ಲಿ ಬಿಡಾಡಿ ಪ್ರಾಣಿಗಳಿಗೊಂದು ಆಶ್ರಯಧಾಮವಿದೆ. ನಾಯಿಗಳದ್ದು ಒಂದು ಬದಿ, ಬೆಕ್ಕುಗಳದ್ದು ಇನ್ನೊಂದು ಬದಿ, ಹಿಂದುಗಡೆ ಮೊಲಗಳ ಕೋಣೆ. ಅಲ್ಲಿ ಹೆಚ್ಚಿನ ಕೆಲಸವನ್ನು ನಡೆಸುವವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಮಕ್ಕಳು ಬರಬೇಕಾದರೆ ದೊಡ್ಡವರು ಜತೆಗಿರಬೇಕೆಂದು ನಿಯಮ. ಹೀಗೆ ಮೊಮ್ಮಗಳ ಕೈ ಹಿಡಿದುಕೊಂಡು ಹೋದ ನಾವೂ ಸ್ವಯಂಸೇವಕರಾದೆವು. ವಾರಕ್ಕೆ ಎರಡು ಸಂಜೆ, ಶನಿವಾರ ಬೆಳಗ್ಗೆ ಒಂದು ಸಲ.

ಮೊದಲ ದಿನ ಎರಡು ಗಂಟೆಯ ಪಾಠ. ಹೇಳಿಕೊಟ್ಟವರು ಆ ಕೋಣೆಯ ಮೇಲ್ವಿಚಾರಣೆ ನೋಡುವ ಒಬ್ಬ ಹಿರಿಯ ಹೆಂಗಸು. ಬಾಗಿಲಲ್ಲೇ ತಡೆದು, "ನಿಮ್ಮ ಚಪ್ಪಲಿ ಹೊರಗೆ," ಎಂದರು. ನಮಗೆ ಸಂತೋಷವಾಯಿತು. ಆ ದೇಶದಲ್ಲಿ ಚಪ್ಪಲಿ ಹೊರಗಿಡಿ ಎಂದವರು ಅವರೇ ಮೊದಲಿಗರು. ಆದರೆ ಕಾರಣ ಮಡಿಯಲ್ಲ. ಮೊಲಗಳಿಗೆ ರಕ್ತಸ್ರಾವದ ಒಂದು ಕೆಟ್ಟ ಸಾಂಕ್ರಾಮಿಕ ರೋಗವಿದೆ. ಅದರ ಎರಡನೆಯ ಬಗೆಯ ವೈರಸ್ಸು 2020ರಲ್ಲಿ ಕ್ಯಾಲಿಫೋರ್ನಿಯಾದ ಕಾಡುಮೊಲಗಳಲ್ಲಿ ಕಂಡುಬಂತು. ತಗಲಿದ ಮೊಲ ಒಂದೆರಡು ದಿನಗಳಲ್ಲೇ, ಕೆಲವೊಮ್ಮೆ ಯಾವ ಲಕ್ಷಣವನ್ನೂ ತೋರಿಸದೆ, ಸಾಯಬಹುದು. ಮನುಷ್ಯರಿಗೆ ತಗಲುವುದಿಲ್ಲ, ಆದರೆ ನಮ್ಮ ಪಾದರಕ್ಷೆಗೆ, ಬಟ್ಟೆಗೆ, ಹುಲ್ಲಿಗೆ ಅಂಟಿಕೊಂಡು ಬಂದು ತಿಂಗಳುಗಟ್ಟಲೆ ಬದುಕಿರುತ್ತದೆ. ಈಗ ಲಸಿಕೆ ಇದೆ. ಆದರೂ ಹೊರಗಿನ ಚಪ್ಪಲಿ ಒಳಗೆ ಬರಬಾರದು, ಕೈ ತೊಳೆಯದೆ ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗಬಾರದು. ಅವರ ಕಟ್ಟುನಿಟ್ಟು ನಮ್ಮ ಅಜ್ಜಿಯಂದಿರ ಮಡಿಗಿಂತ ಒಂದು ಕೈ ಮೇಲು.

"ನಿಮ್ಮ ದೇಶದಲ್ಲಿ ಮೊಲ ಉಂಟೇ?" ಎಂದು ಆಕೆ ಕೇಳಿದರು. ಇಲ್ಲದೆ ಏನು, ನಮ್ಮ ಪಾರೆಗುಡ್ಡೆಗಳಲ್ಲಿ ಮುಳಿಹುಲ್ಲಿನ ಎಡೆಯಿಂದ ಚಂಗನೆ ಹಾರಿ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇವೆ ಎಂದೆವು. ಆಕೆ ನಕ್ಕು, ಅದು ಈ ಜಾತಿಯೇ ಅಲ್ಲ ಎಂದರು. ವಿಚಾರಿಸಿದರೆ ಸಂಗತಿ ಹೌದು. ಕನ್ನಡದಲ್ಲಿ ಮೊಲ, ಮಲೆಯಾಳದಲ್ಲಿ ಮುಯಲ್, ತುಳುವಿನಲ್ಲಿ ಮುಯೆರ್. ಮೂರೂ ಒಂದೇ ಬೇರಿನ ಮಾತು, ಮೂರೂ ಭಾಷೆಯವರು ಎರಡು ಪ್ರಾಣಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ಇಂಗ್ಲಿಷಿನವರು ಹೇರ್ ಬೇರೆ, ರ್‍ಯಾಬಿಟ್ ಬೇರೆ ಎನ್ನುತ್ತಾರೆ. ನಮ್ಮ ಗುಡ್ಡೆಯದ್ದು ಹೇರ್. ಅದರ ಕತ್ತಿನ ಹಿಂಬದಿಯಲ್ಲಿ ಕಪ್ಪು ಮಚ್ಚೆ. ಬಿಲ ತೋಡುವುದಿಲ್ಲ. ಮರಿಗಳು ಮೈತುಂಬ ರೋಮವಿದ್ದು, ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ. ಸಾಕುವ ಮೊಲದ ಮೂಲ ಸ್ಪೇನ್, ಪೋರ್ಚುಗಲ್ ದೇಶಗಳ ಕಡೆ. ಅದು ಬಿಲದಲ್ಲಿ ಬಾಳುವ ಪ್ರಾಣಿ. ಮರಿಗಳು ಹುಟ್ಟುವಾಗ ಬತ್ತಲೆ, ಕುರುಡು. ಕಣ್ಣು ಬಿಡಲು ಸುಮಾರು ಹತ್ತು ದಿನ ಬೇಕು. ಇವೆರಡು ಒಂದರೊಡನೆ ಒಂದು ಸೇರಿ ಮರಿ ಹಾಕುವುದೂ ಇಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಆಮೇಲೆ ಮರೆತುಹೋದೀತು. ಹುಲ್ಲು ಹೆರೆಯುವಾಗ ಗುಡ್ಡೆಯಲ್ಲಿ ಒಂಟಿ ಮೊಲದ ಮರಿ ಸಿಕ್ಕಿದರೆ "ಪಾಪ, ತಾಯಿ ಬಿಟ್ಟುಹೋಗಿದೆ" ಎಂದು ಮನೆಗೆ ತರುವ ವಾಡಿಕೆ ನಮ್ಮಲ್ಲಿದೆ. ತಾಯಿ ಬಿಟ್ಟುಹೋಗಿರುವುದಿಲ್ಲ. ಹಗಲು ದೂರವೇ ಇದ್ದು, ಕತ್ತಲಾಗುವಾಗ ಬಂದು ಹಾಲೂಡಿಸಿ ಹೋಗುವುದೇ ಅದರ ಕ್ರಮ. ಸಂಗಡವೇ ಇದ್ದರೆ ನರಿಗೆ ದಾರಿ ತೋರಿಸಿದಂತಾಗುತ್ತದೆ. ಕಂಡಲ್ಲೇ ಬಿಟ್ಟುಬರುವುದೇ ಉಪಕಾರ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ತಪ್ಪು.

ಆಶ್ರಯಧಾಮದ ಕೆಲಸವೆಂದರೆ ಮೊಲವನ್ನು ಎತ್ತಿ ಮುದ್ದಾಡುವುದು ಎಂದು ಮೊಮ್ಮಗಳು ಎಣಿಸಿದ್ದಳು. ನಾವೂ ಹಾಗೆಯೇ ಎಣಿಸಿದ್ದೆವು. ಮುದ್ದಾಟ ರೂಪಾಯಿಯಲ್ಲಿ ಎರಡಾಣೆ. ಉಳಿದ ಹದಿನಾಲ್ಕಾಣೆ ಹಿಕ್ಕೆ ಬಾಚುವುದು. ಮೊಲ ಶುಚಿಯಾದ ಪ್ರಾಣಿ. ಒಂದು ತಟ್ಟೆಯಲ್ಲಿ ಕಾಗದದ ಉಂಡೆ ಹಾಸಿ, ಮೇಲೆ ಒಣಹುಲ್ಲು ಹಾಕಿಟ್ಟರೆ ಅದರಲ್ಲೇ ಕುಳಿತು ಹುಲ್ಲನ್ನೂ ತಿನ್ನುತ್ತದೆ, ಹಿಕ್ಕೆಯನ್ನೂ ಹಾಕುತ್ತದೆ. ಎರಡೂ ಒಟ್ಟಿಗೇ. ತಟ್ಟೆಯಲ್ಲಿ ಅಂಟಿದ ಮೂತ್ರದ ಸುಣ್ಣವನ್ನು ವಿನೆಗರು ಹೊಯ್ದು ಉಜ್ಜಬೇಕು. ಮೊದಲ ವಾರ ಒಂದು ತಟ್ಟೆಯಲ್ಲಿ ಕೆಂಪು ಬಣ್ಣ ಕಂಡು, ರಕ್ತವೆಂದು ನಾವು ಗಾಬರಿಯಿಂದ ಕೂಗಿದೆವು. ತಿಂದ ಸೊಪ್ಪಿನಿಂದಲೂ ಹಾಗಾಗುವುದುಂಟಂತೆ.

ಹಿಕ್ಕೆ ಬಾಚಿ ಬಿಸಾಡಿದರೆ ಮುಗಿಯಲಿಲ್ಲ. ನೋಡಬೇಕು. ಕಡಲೆಯಷ್ಟು ದೊಡ್ಡ, ಉರುಟಾದ, ತಿಳಿಕಂದು ಬಣ್ಣದ, ಹಿಸುಕಿದರೆ ಹುಲ್ಲಿನ ಪುಡಿಯಾಗುವ ಹಿಕ್ಕೆಯಾದರೆ ಕ್ಷೇಮ. ಚಿಕ್ಕದಾದರೆ, ಸೊಟ್ಟಗಾದರೆ, ರೋಮದ ಎಳೆಯಲ್ಲಿ ಮಣಿಸರದಂತೆ ಕೋದುಕೊಂಡು ಬಂದರೆ ಪುಸ್ತಕದಲ್ಲಿ ಬರೆಯಬೇಕು. ಪ್ರತಿ ಮೊಲಕ್ಕೂ ಒಂದು ಹಾಳೆ: ಹುಲ್ಲು ತಿಂದಿತೋ, ಸೊಪ್ಪು ತಿಂದಿತೋ, ನೀರು ಕುಡಿಯಿತೋ, ಹಿಕ್ಕೆ ಹೇಗಿದೆ. ಒಂಬತ್ತು ವರ್ಷದ ಹುಡುಗಿ ಕನ್ನಡಕ ಏರಿಸಿಕೊಂಡ ತಹಶೀಲ್ದಾರರಂತೆ ತಟ್ಟೆಯ ಮೇಲೆ ಬಾಗಿ ತನಿಖೆ ನಡೆಸುವುದನ್ನು ನೋಡಿ ನಮಗೆ ನಗು ತಡೆಯುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆಂದರೆ, ಮೊಲ ಮಾತಾಡುವುದಿಲ್ಲ. ನಾಯಿ ನೋವಾದರೆ ಕುಂಯ್‌ಗುಡುತ್ತದೆ, ಬೆಕ್ಕು ಕೂಗುತ್ತದೆ, ಹಟ್ಟಿಯ ದನ ಅಂಬಾ ಎನ್ನುತ್ತದೆ. ಮೊಲ ಎಲ್ಲರ ಬಾಯಿಗೂ ತುತ್ತಾಗುವ ಪ್ರಾಣಿ. ನೋವನ್ನು ತೋರಿಸಿದರೆ ತಾನಾಗಿ ಕರೆದಂತೆ. ಹಾಗಾಗಿ ಅಡಗಿಸಿಕೊಳ್ಳುತ್ತದೆ. ಅಡಗಿಸಿಕೊಂಡದ್ದನ್ನು ಓದುವುದು ಹಿಕ್ಕೆಯಲ್ಲಿ.

ಅದರ ಹೊಟ್ಟೆಯ ವ್ಯವಸ್ಥೆಯೂ ವಿಚಿತ್ರ. ದನ ತಿಂದದ್ದನ್ನು ಮೆಲುಕು ಹಾಕುತ್ತದೆ. ಮೊಲಕ್ಕೆ ಆ ಸೌಕರ್ಯವಿಲ್ಲ. ಅದು ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನಾವು ಬಾಚುವ ಒಣ ಉಂಡೆ. ಇನ್ನೊಂದು ದ್ರಾಕ್ಷಿಗೊಂಚಲಿನಂತಹ ಮೆತ್ತಗಿನದು. ಅದು ನೆಲಕ್ಕೆ ಬೀಳುವ ಮೊದಲೇ ಬಾಗಿ ನುಂಗಿಬಿಡುತ್ತದೆ. ಕೇಳಿ ಅಸಹ್ಯವಾಗಬಹುದು, ಆದರೆ ಹುಲ್ಲಿನ ಸಾರವೆಲ್ಲ ಹೊಟ್ಟೆಯಲ್ಲಿ ಹುದುಗಿ ತಯಾರಾಗುವುದು ಅದರಲ್ಲಿಯೇ. ಎರಡನೆಯ ಸಲ ತಿಂದರಷ್ಟೇ ಅದು ಮೈಗೆ ಹತ್ತುತ್ತದೆ. ಈ ಯಂತ್ರ ನಿಲ್ಲದೆ ನಡೆಯಬೇಕಾದರೆ ನಾರು ಬೇಕು, ಎಂದರೆ ಒಣಹುಲ್ಲು, ಹಗಲೂ ರಾತ್ರಿಯೂ, ಮಿತಿಯಿಲ್ಲದೆ. ಹಲ್ಲಿಗೂ ಅದೇ ಬೇಕು. ಮೊಲಕ್ಕೆ 28 ಹಲ್ಲು, ಎಲ್ಲವೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವರ್ಷಕ್ಕೆ ನಾಲ್ಕೈದು ಅಂಗುಲ ಬೆಳೆಯುವುದಂತೆ. ಹುಲ್ಲು ಜಗಿದು ಸವೆಸದಿದ್ದರೆ ಹಲ್ಲು ಬಾಯಿಯೊಳಗೇ ಚುಚ್ಚುತ್ತದೆ.

ಹಾಗಾದರೆ ಕ್ಯಾರೆಟ್? ಕ್ಯಾರೆಟ್ ಹಬ್ಬದ ಪಾಯಸದ ಹಾಗೆ, ಎಂದಾದರೊಮ್ಮೆ ಒಂದು ತುಂಡು. ಅದರಲ್ಲಿ ಸಕ್ಕರೆ ಜಾಸ್ತಿ. ಮೊಲವೆಂದರೆ ಕ್ಯಾರೆಟ್ ಎಂಬ ಕಲ್ಪನೆಯನ್ನು ಲೋಕಕ್ಕೆಲ್ಲ ಹರಡಿದ್ದು 1940ರಲ್ಲಿ ಬಂದ ಬಗ್ಸ್ ಬನಿ ಎಂಬ ವ್ಯಂಗ್ಯಚಿತ್ರದ ಮೊಲ.

ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಇದನ್ನು ನಾವು ದಪ್ಪ ಅಕ್ಷರದಲ್ಲಿ ಬರೆಯಬೇಕೆಂದಿದ್ದೇವೆ. ಹಿಂಗಾಲಿಗೆ ಆಧಾರವಿಲ್ಲದೆ ಎತ್ತಿದರೆ ಅದು ಝಾಡಿಸಿ ಒದೆಯುತ್ತದೆ, ಒದ್ದ ರಭಸಕ್ಕೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಅಂಗಾತ ಮಲಗಿಸಿದರೆ ಅಲುಗಾಡದೆ ಬಿದ್ದುಕೊಳ್ಳುತ್ತದೆ. ಸುಖದಿಂದಲ್ಲ, ಹೆದರಿಕೆಯಿಂದ. ಆದುದರಿಂದ ಎತ್ತುವುದೇ ಬೇಡ, ನೀವೇ ಕೆಳಗೆ ಕೂರಿ ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ನಾವು ಅಲ್ಲಿಯ ಎಲ್ಲರನ್ನೂ ಮೀರಿಸಿದೆವು. ಅಲ್ಲಿಯ ನಲುವತ್ತರ ಗಂಡಸರು ನೆಲಕ್ಕೆ ಕೂರಲು ಗೋಡೆ ಹಿಡಿಯುತ್ತಿದ್ದಾಗ, ಎಪ್ಪತ್ತು ದಾಟಿದ ನಾವು ಊಟದ ಪಂಕ್ತಿಗೆ ಕುಳಿತಂತೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರುತ್ತಿದ್ದೆವು.

ಹೆದರಿದ ಮೊಲಗಳ ಬಳಿ ಕುಳಿತು ಏನನ್ನಾದರೂ ಗಟ್ಟಿಯಾಗಿ ಓದುವುದು ಅಲ್ಲಿಯ ಒಂದು ಪದ್ಧತಿ. ಮನುಷ್ಯರ ಸ್ವರಕ್ಕೆ ಅದರ ಕಿವಿ ಒಗ್ಗಬೇಕು. ಮೊಮ್ಮಗಳು ತನ್ನ ಶಾಲೆಯ ಪುಸ್ತಕ ಓದುವಳು. ನಾವು ಓದುವುದು ಕನ್ನಡ. ಮೇಲ್ವಿಚಾರಕಿಯವರಲ್ಲಿ ಅಡ್ಡಿಯುಂಟೇ ಎಂದು ಕೇಳಿದಾಗ, "ಅವಕ್ಕೆ ಇಂಗ್ಲಿಷೂ ಬರುವುದಿಲ್ಲ," ಎಂದು ಬಿಟ್ಟರು. ಶಾಲೆಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಕನ್ನಡ ಬೇಕೆಂದು ಜೀವಮಾನವಿಡೀ ಅರ್ಜಿ ಬರೆದ ನಮಗೆ, ಒಂದು ಅರ್ಜಿಯೂ ಇಲ್ಲದೆ ಕನ್ನಡಕ್ಕೆ ಅನುಮತಿ ಸಿಕ್ಕಿದ್ದು ಆ ಕೋಣೆಯಲ್ಲಿ. ಒಂದು ಸಂಜೆ ಉಮೇದಿನಿಂದ ಪಾರ್ತಿಸುಬ್ಬನ ಪದವೊಂದನ್ನು ಸ್ವಲ್ಪ ಏರುಶ್ರುತಿಯಲ್ಲೇ ಎತ್ತಿಕೊಂಡೆವು. ಸಾಲಿನ ಕೊನೆಯ ಮೊಲ ಹಿಂಗಾಲಿನಿಂದ ನೆಲಕ್ಕೆ ಧಡ್ ಎಂದು ಬಡಿಯಿತು. ಅಪಾಯವಿದೆ ಎಂದು ಉಳಿದವಕ್ಕೆ ಕೊಡುವ ಸೂಚನೆ ಅದು. ಅಂದಿನಿಂದ ಪದ ಬಿಟ್ಟು ಗದ್ಯಕ್ಕೆ ಇಳಿದೆವು.

ಆ ಕೋಣೆಯ ಮೂಲೆಯ ಗೂಡಿನಲ್ಲಿದ್ದಳು ಕ್ಲೋವರ್. ಬೂದುಬಣ್ಣದ ಹೆಣ್ಣು. ಒಂದು ಹಿಂಗಾಲು ಇಲ್ಲ. ಕ್ಲೋವರ್ ಎಂದರೆ ಮೂರೆಲೆಯ ಒಂದು ಹುಲ್ಲು. ಮೂರು ಕಾಲಿನವಳಿಗೆ ಆ ಹೆಸರಿಟ್ಟವರು ರಸಿಕರೇ ಇರಬೇಕು. ಯಾವುದೋ ಉದ್ಯಾನದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಸಿಕ್ಕಿದವಳಂತೆ. ಕೈಯಿಂದ ಜಾರಿ ಬಿದ್ದು ಕಾಲು ಮುರಿದಿರಬೇಕು, ಸಾಕಿದವರು ವೈದ್ಯರ ಖರ್ಚಿಗೆ ಹೆದರಿ ಬಿಟ್ಟುಹೋಗಿರಬೇಕು ಎಂದು ಊಹೆ. ಕಾಲನ್ನು ಉಳಿಸಲಾಗದೆ ಕತ್ತರಿಸಬೇಕಾಯಿತು. ಆ ವರ್ಷ ಈಸ್ಟರ್ ಬಿದ್ದದ್ದು ಮಾರ್ಚ್ 31ಕ್ಕೆ, ನಮ್ಮ ಬಿಸುವಿಗೆ ಎರಡು ವಾರ ಮೊದಲು. ಹಬ್ಬದ ಮೊಲಗಳು ಅದೇ ವಾರ ಆಶ್ರಯಕ್ಕೆ ಬರುವುದಿಲ್ಲ. ಮರಿಗೆ ನಾಲ್ಕೈದು ತಿಂಗಳಾಗಿ ಪ್ರಾಯ ಬಂದು, ಕರೆಂಟಿನ ವಯರು ಕಚ್ಚಿ, ಅಲ್ಲಲ್ಲಿ ಮೂತ್ರ ಸಿಂಪಡಿಸತೊಡಗಿದ ಮೇಲೆ ಬರತೊಡಗುತ್ತವೆ. ಕ್ಲೋವರ್ ಹಿಂದಿನ ವರ್ಷದ ಹಬ್ಬದವಳು ಎಂದು ಅವರ ಲೆಕ್ಕ.

ಮೊದಲು ಎರಡು ವಾರ ಅವಳು ನಮ್ಮತ್ತ ಬೆನ್ನು ಹಾಕಿಯೇ ಕುಳಿತಳು. ಮೊಲದ ಕಣ್ಣುಗಳಿರುವುದು ತಲೆಯ ಎರಡು ಬದಿಗೆ. ಹಿಂದೆ ಬರುವವನೂ ಕಾಣುತ್ತಾನೆ, ಆದರೆ ಮೂಗಿನ ನೇರ ಮುಂದೆ ಇರುವುದು ಕಾಣುವುದಿಲ್ಲ. ಮೂಗಿಗೆ ಕೈಯೊಡ್ಡಿದರೆ ಬೆಚ್ಚಿಬೀಳುತ್ತದೆ. ಪಕ್ಕದಿಂದ ಹೋಗಿ ಹಣೆಯ ಮೇಲೆ ಸವರಬೇಕು. ಮೂರನೆಯ ವಾರ ಅವಳು ತಾನಾಗಿ ಬಂದು ನಮ್ಮ ಪಂಚೆಯ ಅಂಚಿಗೆ ಗದ್ದ ಉಜ್ಜಿ ಹೋದಳು. ಇದು ನನ್ನದು ಎಂದು ಮೊಲ ಮುದ್ರೆಯೊತ್ತುವ ಕ್ರಮ ಅದು. ಏಪ್ರಿಲ್ ಕೊನೆಗೆ ಒಂದು ದಿನ, ಓದುತ್ತಿರುವಾಗಲೇ, ಧೊಪ್ಪೆಂದು ಪಕ್ಕಕ್ಕೆ ಉರುಳಿ ಕಣ್ಣು ಮುಚ್ಚಿದಳು.

"ಅಜ್ಜೀ, ಸತ್ತುಹೋಯ್ತಾ?" ಎಂದು ಮೊಮ್ಮಗಳು ಕಿರುಚಿದಳು. ನಮಗೂ ಎದೆ ಧಸಕ್ಕೆಂದಿತು. ಮೇಲ್ವಿಚಾರಕಿ ಬಂದು ನೋಡಿ, ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದರು. ನಂಬಿಕೆ ಬಂದ ಮೊಲ ಮಾತ್ರ ಹಾಗೆ ಉರುಳುವುದಂತೆ.

ಇಲ್ಲಿ ನಮ್ಮ ಹಳೆಯ ಕಥೆಯೊಂದನ್ನು ಹೇಳಬೇಕಾಗಿದೆ. ಕಾಸರಗೋಡು ಜಿಲ್ಲೆಯಾದ 1984ರಲ್ಲಿ ನಮ್ಮ ಮಗಳಿಗೆ ಆರು ವರ್ಷ. ಅವಳ ಆಸೆಗೆಂದು ಒಂದು ಬಿಳಿ ಮೊಲ ತಂದಿದ್ದೆವು. ಸರಿಗೆಬಲೆಯ ಗೂಡಿನಲ್ಲಿಟ್ಟು, ಮಾಡಿನ ಕೆಳಗೆ ತೂಗುಹಾಕಿದೆವು. ತಿನ್ನಲು ಕ್ಯಾಬೇಜಿನ ಎಲೆ, ಅನ್ನ, ಬಿಸ್ಕಿಟು. ಪ್ರೀತಿ ಹೆಚ್ಚಾದ ದಿನ ಬೆಲ್ಲ. ಏಳೆಂಟು ತಿಂಗಳಾಗಿರಬಹುದು, ಒಂದು ದಿನ ಬೆಳಗ್ಗೆ ಅದು ತಿನ್ನಲಿಲ್ಲ. ಮಗಳು ಮೂರು ಸಲ ಬಂದು ಹೇಳಿದಳು. ಅಡಿಕೆ ಕೊಯ್ಯುವವರು ಬಂದಿದ್ದ ದಿನ. "ಹೊಟ್ಟೆ ತುಂಬಿರಬೇಕು, ನಾಳೆ ತಿಂದೀತು," ಎಂದೆವು. ಮರುದಿನ ಬೆಳಗ್ಗೆ ಗೂಡಿನಲ್ಲಿ ಸೆಟೆದು ಬಿದ್ದಿತ್ತು. ಅಳುವ ಮಗುವನ್ನು ಸಮಾಧಾನಪಡಿಸಲು, ಮೊಲಗಳ ಆಯುಷ್ಯವೇ ಅಷ್ಟು ಎಂದೆವು. ಒಮ್ಮೆ ಹೇಳಿದ್ದು ಸಾಲದೆಂದು, ಆಮೇಲೆ ಮೊಲದ ಸುದ್ದಿ ಬಂದಾಗಲೆಲ್ಲ ಬಂದವರಿಗೂ ಹೋದವರಿಗೂ ಅದನ್ನೇ ಹೇಳಿದೆವು. ಹೇಳಿ ಹೇಳಿ ನಾವೇ ನಂಬಿದೆವು. ಸರಿಯಾಗಿ ನೋಡಿಕೊಂಡರೆ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ ಎಂದು ಆ ಎರಡು ಗಂಟೆಯ ಪಾಠದಲ್ಲಿ ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೇ ತಿಂಗಳ ಒಂದು ಗುರುವಾರ ಸಂಜೆ ನಾಲ್ಕಕ್ಕೆ ಹೋದಾಗ ಮೊಮ್ಮಗಳು, "ಕ್ಲೋವರ್ ಬರಲಿಲ್ಲ," ಎಂದಳು. ಸೊಪ್ಪಿನ ಕಟ್ಟು ಬಿಚ್ಚುವ ಸದ್ದಿಗೆ ಕುಪ್ಪಳಿಸಿ ಬರುವವಳು ಮೂಲೆಯಲ್ಲಿ ಮುದುಡಿ ಕುಳಿತಿದ್ದಳು. ಬೆಳಗ್ಗಿನ ಕೊತ್ತಂಬರಿ ಹಾಗೆಯೇ ಬಾಡಿತ್ತು. ಪುಸ್ತಕದಲ್ಲಿ, ಸೊಪ್ಪು ಇಟ್ಟಿದೆ ಎಂದು ಬರೆದಿತ್ತು. ತಿಂದಿದೆ ಎಂದು ಬರೆದಿರಲಿಲ್ಲ. ತಟ್ಟೆಯಲ್ಲಿ ಹೊಸ ಹಿಕ್ಕೆ ಇಲ್ಲವೆಂದರೆ ಇಲ್ಲ. ಹಲ್ಲು ಕಡಿಯುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು. ಸುಖದಲ್ಲಿಯೂ ಮೊಲ ಹಲ್ಲು ಆಡಿಸುವುದುಂಟು, ಅದು ಮೃದು. ಇದು ಗಟ್ಟಿ. ನಾಚಿಕೆಯನ್ನು ಬಿಟ್ಟು ಹೇಳುತ್ತೇವೆ, ಆ ಕ್ಷಣಕ್ಕೂ ನಮ್ಮ ನಾಲಗೆಯ ತುದಿಗೆ ಬಂದದ್ದು ಅದೇ ಮಾತು: ನಾಳೆ ತಿಂದೀತು.

ಹುಡುಗಿ ಅದಕ್ಕೆ ಎಡೆ ಕೊಡಲಿಲ್ಲ. ಚಪ್ಪಲಿಯನ್ನೂ ಹಾಕದೆ ಓಡಿ ಮೇಲ್ವಿಚಾರಕಿಯನ್ನು ಕರೆತಂದಳು. ಆಕೆ ಮೊದಲು ಮುಟ್ಟಿದ್ದು ಕಿವಿಯನ್ನು. ತಣ್ಣಗಿತ್ತು. ಮೊಲದ ಕರುಳು ಕೆಲಸ ನಿಲ್ಲಿಸುವುದೆಂದರೆ ಇದು. ಒಳಗೆ ವಾಯು ತುಂಬುತ್ತದೆ, ನೋವಿಗೆ ಅದು ತಿನ್ನುವುದಿಲ್ಲ, ತಿನ್ನದ್ದರಿಂದ ಕರುಳು ಇನ್ನೂ ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಆಗದು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದು ನಾಳೆಯ ಮಾತಲ್ಲ, ಈಗಿನ ಮಾತು. ಹತ್ತೇ ನಿಮಿಷದಲ್ಲಿ ಪೆಟ್ಟಿಗೆಯೊಳಗೆ ಬೆಚ್ಚಗಿನ ಬಟ್ಟೆ ಹಾಸಿ ವೈದ್ಯರಲ್ಲಿಗೆ ಒಯ್ದರು. ಎಕ್ಸ್‌ರೇ ತೆಗೆದು ಕರುಳಿನಲ್ಲಿ ಅಡ್ಡಿ ಇಲ್ಲವೆಂದು ನಿಶ್ಚಯವಾದ ಮೇಲೆ ನೋವಿಗೆ ಔಷಧ, ಚರ್ಮದಡಿ ನೀರು, ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಿಂದ ಬಾಯಿಯ ಬದಿಗೆ ಸ್ವಲ್ಪಸ್ವಲ್ಪ.

ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮೊಮ್ಮಗಳು ಮಲಗಿದ ಮೇಲೆ ಮಗಳಿಗೆ ನಾವು ಹೇಳಿದೆವು: 1984ರಲ್ಲಿ ನಿನಗೆ ಹೇಳಿದ್ದು ಸುಳ್ಳು, ಅದರ ಆಯುಷ್ಯ ಅಷ್ಟಾಗಿರಲಿಲ್ಲ, ನೀನು ಮೂರು ಸಲ ಬಂದು ಹೇಳಿದ್ದೆ.

"ನಂಗೆ ಗೊತ್ತುಂಟು," ಎಂದಳು. "ಹೈಸ್ಕೂಲಲ್ಲಿ ಇರುವಾಗ ಲೈಬ್ರರಿಯ ಒಂದು ಪುಸ್ತಕದಲ್ಲಿ ಓದಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಬಂದವರಿಗೆಲ್ಲ ಹೇಳ್ತಾ ಇದ್ರಿ, ಅಮ್ಮ. ಹೇಗೆ ಹೇಳುವುದು?"

ಅಷ್ಟು ಹೇಳಿ ಎದ್ದು ಪಾತ್ರೆ ತೊಳೆಯಲು ಹೋದಳು. ನಾವೂ ಹೋಗಿ ಒರೆಸಿ ಇಟ್ಟೆವು.

ಮೂರನೆಯ ದಿನ ಬೆಳಗ್ಗೆ ವೈದ್ಯರಲ್ಲಿಂದ ಫೋನು ಬಂತು. ಕ್ಲೋವರ್ ಹಿಕ್ಕೆ ಹಾಕಿದ್ದಾಳೆ! ಮೆಣಸಿನ ಕಾಳಿನಷ್ಟು ಚಿಕ್ಕದಾದ ನಾಲ್ಕು ಹಿಕ್ಕೆ. ಮದುವೆಯ ಓಲೆ ಬಂದಾಗಲೂ ಆ ಮನೆಯಲ್ಲಿ ಅಷ್ಟು ಸಂಭ್ರಮವಾಗಿದ್ದೀತೆಂದು ನಮಗೆ ತೋರುವುದಿಲ್ಲ.

ಮದುವೆಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇವೆ. ಮೊಲ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಆದರೆ ಎರಡನ್ನು ತಂದು ಒಂದೇ ಗೂಡಿಗೆ ಹಾಕಿದರೆ ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಮೊದಲು ಎರಡಕ್ಕೂ ಸಂತಾನಹರಣ ಚಿಕಿತ್ಸೆಯಾಗಿರಬೇಕು. ಗರ್ಭ ನಿಂತರೆ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗರ್ಭ ಕಟ್ಟಬಲ್ಲದು. ಅಷ್ಟೇ ಅಲ್ಲ, ಚಿಕಿತ್ಸೆಯಾಗದ ಹೆಣ್ಣು ಮೊಲಗಳಿಗೆ ಪ್ರಾಯ ಸಂದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಆಮೇಲೆ ಇಬ್ಬರದೂ ಅಲ್ಲದ ಜಾಗದಲ್ಲಿ ಎದುರುಬದುರು ಬಿಟ್ಟು ನೋಡಬೇಕು. ಜೂನ್ ತಿಂಗಳಲ್ಲಿ ಒಬ್ಬ ವೃದ್ಧರು ತಮ್ಮ ಕಂದು ಮೊಲವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದರು. ಅದರ ಜತೆಗಾತಿ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ಹೆಣ್ಣು ನೋಡುವ ಶಾಸ್ತ್ರವೇ ನಡೆಯಿತೆನ್ನಿ. ಮೊದಲು ತೋರಿಸಿದ ಬಿಳಿಯವಳು ಹಾರಿ ಕಚ್ಚಲು ಹೋದಳು. ದಪ್ಪ ಕೈಚೀಲ ತೊಟ್ಟ ನಾವು ನಡುವೆ ಬೀಳಬೇಕಾಯಿತು. ಎರಡನೆಯವಳು ತಿರುಗಿಯೂ ನೋಡಲಿಲ್ಲ. ಮೂರನೆಯದು ಕ್ಲೋವರ್. ಒಂದು ಗಂಟೆ ಎರಡೂ ದೂರದೂರ ಕುಳಿತು ಏನೂ ಆಗದವರಂತೆ ಮೈ ನೆಕ್ಕಿಕೊಂಡವು. ಏನೂ ಆಗದಿರುವುದು ಒಳ್ಳೆಯ ಲಕ್ಷಣವಂತೆ. ನಾಲ್ಕನೆಯ ಭೇಟಿಯಲ್ಲಿ ಕಂದು ಗಂಡು ಬಂದು ಅವಳ ಮುಂದೆ ತಲೆ ತಗ್ಗಿಸಿತು. ಅವಳು ಸ್ವಲ್ಪ ಹೊತ್ತು ಕಾಯಿಸಿ, ಅದರ ಹಣೆಯನ್ನು ನೆಕ್ಕಿದಳು. ಜಾತಕ ಕೂಡಿತು.

ಮೊಮ್ಮಗಳು ಅತ್ತಳು. ಕ್ಲೋವರ್ ತಮ್ಮ ಮನೆಗೇ ಬರುವಳೆಂದು ಅವಳು ಒಳಗೊಳಗೇ ನಿಶ್ಚಯಿಸಿದ್ದಳು. ಆದರೆ ಎರಡು ವರ್ಷಕ್ಕೊಮ್ಮೆ ಆರು ವಾರ ಊರಿಗೆ ಬರುವ ಮನೆ ಅದು. ಹಗಲಿಡೀ ಬಾಗಿಲು ಹಾಕಿರುತ್ತದೆ. ಆ ವೃದ್ಧರು ದಿನವಿಡೀ ಮನೆಯಲ್ಲಿರುವವರು, ನೆಲದ ಮೇಲೆ ಕಂಬಳಿ ಹಾಸಿ ಮೊಲದೊಟ್ಟಿಗೆ ರೇಡಿಯೋ ಕೇಳುವವರು. ಲೆಕ್ಕ ಹಾಕಿ ನೋಡಿ, ಅವಳೇ ಪುಸ್ತಕದ ಹಾಳೆಯಲ್ಲಿ ಕ್ಲೋವರ್ ಹೆಸರಿನ ಎದುರು ಮನೆಗೆ ಹೋದಳು ಎಂದು ಬರೆದಳು.

ಜುಲಾಯಿಯಲ್ಲಿ ನಾವು ಊರಿಗೆ ಮರಳಿದಾಗ ಆಟಿಯ ಮಳೆ. ಪಕ್ಕದ ಮನೆಯ ಹುಡುಗನಲ್ಲಿ ಎರಡು ಮೊಲಗಳಿವೆ. ಕೇರಳದಲ್ಲಿ ಮಾಂಸಕ್ಕೆಂದು ಮೊಲ ಸಾಕುವವರು ಬೇಕಾದಷ್ಟು ಮಂದಿ. ಅದರ ತರ್ಕಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ಆದರೆ ಮಕ್ಕಳ ಪ್ರೀತಿಗೆಂದು ತಂದವಕ್ಕೂ ಅದೇ ಸರಿಗೆಬಲೆಯ ಗೂಡು ಸಿಗುವುದು. ಬಲೆಯ ಮೇಲೆ ಕೂತು ಕೂತು ಅವುಗಳ ಪಾದ ಹುಣ್ಣಾಗಿತ್ತು. ಮೊಲದ ಪಾದಕ್ಕೆ ನಾಯಿಯಂತೆ ಗಟ್ಟಿ ಮೆತ್ತೆಯಿಲ್ಲ, ರೋಮ ಮಾತ್ರ. ಅರ್ಧಕ್ಕೆ ಒಂದು ಹಲಗೆ ಹಾಕಿ ಗೋಣಿ ಹಾಸಲು ಹೇಳಿದೆವು. ಅನ್ನ, ಬಿಸ್ಕಿಟು ನಿಲ್ಲಿಸಿ ಒಣಗಿದ ಹುಲ್ಲು, ಗದ್ದೆಯಂಚಿನ ಹಸಿಹುಲ್ಲು, ದಾಸವಾಳದ ಎಲೆ. ಬದಲಾವಣೆಯನ್ನು ಒಂದೇ ದಿನ ಮಾಡಬಾರದು, ಹತ್ತು ಹದಿನೈದು ದಿನಗಳಲ್ಲಿ ಮೆಲ್ಲಮೆಲ್ಲನೆ. ಏಪ್ರಿಲಿನ ಸೆಕೆ ಬಂದಾಗ ಇನ್ನೊಂದು ಪಾಠ. ಮೊಲ ಬೆವರಿ ಮೈ ತಣಿಸಿಕೊಳ್ಳಲಾರದು, ಅದರ ಸೆಕೆ ಹೋಗುವುದು ಕಿವಿಯ ಮೂಲಕ. 30 ಡಿಗ್ರಿ ದಾಟಿದರೆ ಕಷ್ಟ. ತಗಡಿನ ಮಾಡಿನಡಿ ಮಧ್ಯಾಹ್ನ ಇಟ್ಟರೆ ಸತ್ತೇಹೋದೀತು. ಗೂಡನ್ನು ಚಾವಡಿಯ ಸಿಮೆಂಟು ನೆಲಕ್ಕೆ ಇಳಿಸಿ, ಒದ್ದೆ ಗೋಣಿಯನ್ನು ಸುತ್ತ ನೇತುಹಾಕಿ, ಮಂಜುಗಡ್ಡೆ ಕಟ್ಟಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಳಗಿಟ್ಟೆವು. ಎರಡೂ ಅದಕ್ಕೆ ಒರಗಿ ಮಲಗಿದವು.

ಹುಡುಗನ ಅಜ್ಜ ಎಲೆಯಡಿಕೆ ಜಗಿಯುತ್ತಾ ಇದನ್ನೆಲ್ಲ ನೋಡಿ, "ಮೊಲ ಎಂದರೆ ಎರಡು ವರ್ಷದ ಜೀವ, ಅದಕ್ಕೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ರೇ?" ಎಂದರು. ನಾವು ಅವರ ಪಕ್ಕ ಕುಳಿತು 1984ರ ಕಥೆಯನ್ನು ಹೇಳಿದೆವು.

ಈಗ ಭಾನುವಾರ ಬೆಳಗ್ಗೆ ಮೊಮ್ಮಗಳ ಫೋನು ಬರುತ್ತದೆ. ಅವರಲ್ಲಿ ಆಗ ಶನಿವಾರ ರಾತ್ರಿ, ಅವಳು ಅಮ್ಮನೊಟ್ಟಿಗೆ ಆಶ್ರಯಧಾಮಕ್ಕೆ ಹೋಗಿ ಬಂದಿರುತ್ತಾಳೆ. ಶಾಲೆಯ ಸುದ್ದಿ, ಪಾಠದ ಸುದ್ದಿ ಯಾವುದೂ ಇಲ್ಲ. ಅಂದಿನ ಹಾಳೆಯನ್ನು ನೆನಪಿನಿಂದಲೇ ಕನ್ನಡಕ್ಕೆ ತಿರುಗಿಸಿ ಒಂದೊಂದಾಗಿ ಒಪ್ಪಿಸುತ್ತಾಳೆ: ಹುಲ್ಲು ತಿಂದಿದೆ, ನೀರು ಕುಡಿದಿದೆ, ಹಿಕ್ಕೆ ಸರಿ ಉಂಟು. ಹೊಸತಾಗಿ ಬಂದ ಕಪ್ಪು ಮೊಲವೊಂದು ಇನ್ನೂ ಗೋಡೆಗೆ ಮುಖ ಮಾಡಿಯೇ ಕೂತಿದೆಯಂತೆ. ಅದಕ್ಕೆ ಓದಲು ಕನ್ನಡದ ಪುಸ್ತಕ ಯಾವುದಾದರೂ ಕಳಿಸಿ, ದೊಡ್ಡ ಅಕ್ಷರದ್ದು, ಎಂದು ಕಳೆದ ವಾರ ಹೇಳಿದ್ದಾಳೆ.